ತೋಪಿನ ಡ್ರಮ್ಮಿಗೆ ಎರಡು ಮೈಕು

ಕಳೆದ ತಿಂಗಳು ದೊಡವಾಡಕ್ಕೆ ಹೋಗುವ ಕೆಲಸ ಬಂದು ಬೈಲಹೊಂಗಲದಲ್ಲಿ ಬಸ್ಸು ಬದಲಿಸಲು ಇಳಿದೆ. ಮುಂದಿನ ಬಸ್ಸಿಗೆ ಇನ್ನೂ ಹೊತ್ತಿತ್ತು. ಮೊಬೈಲು ಚಾರ್ಜು ಹಿಡಿಯದೆ ಸತ್ತುಬಿದ್ದಿತ್ತು. ಪೇಟೆಯ ಓಣಿಯೊಂದರಲ್ಲಿ ರಿಪೇರಿ ಅಂಗಡಿ ಕಂಡಿತು, ಒಳಗೆ ಹೋಗಿ ಕುಳಿತೆ. ಅಂಗಡಿಯವನು ನಲವತ್ತರ ಆಸುಪಾಸಿನ ಮನುಷ್ಯ. ಮೊಬೈಲಿನ ಬೆನ್ನು ಬಿಚ್ಚಿ, ಸೋಲ್ಡರ್ ಕಡ್ಡಿ ಕಾಯಿಸಿ, ಒಳಗೆ ಎಲ್ಲೋ ಒಂದು ಚುಕ್ಕೆ ಮುಟ್ಟಿಸಿದ. ನೀಲಿ ಹೊಗೆ ಎದ್ದಿತು. ಸುಟ್ಟ ರಾಳದ ವಾಸನೆ ಮೂಗಿಗೆ ಬಡಿಯಿತು. ಎಂಬತ್ತರ ಹತ್ತಿರ ಬಂದವನು ನಾನು, ದಿನಾ ಬಿ.ಪಿ. ಮಾತ್ರೆ ನುಂಗುವವನು. ಆದರೂ ಹೊಟ್ಟೆಯೊಳಗಿನ ಹಳೆಯ ಸಿಟ್ಟು ನಿನ್ನೆ ಮೊನ್ನೆಯದೆಂಬಂತೆ ಎದ್ದು ಕೂತಿತು. ತಲೆಯೆತ್ತಿ ನೋಡಿದರೆ ಅಂಗಡಿಯ ನಡುವೆ, ಒಂದೇ ಮಾಡಿನ ಕೆಳಗೆ, ಅಡ್ಡಗೋಡೆ. ಅದೇ ಅಂಗಡಿ, ಅದೇ ಗೋಡೆ. ಬಣ್ಣ ಮಾತ್ರ ಬೇರೆ ಬಳಿದಿದ್ದರು.

ಎಪ್ಪತ್ತರ ದಶಕದ ನಡುವಿನ ಒಂದು ಮಳೆಗಾಲ ಅದು. ನಾನು ನಾಟಕ ಕಂಪನಿಯಲ್ಲಿ ಜಾಜ್ ಬಾರಿಸುತ್ತಿದ್ದೆ. ನಮ್ಮ ಕಡೆ ಜಾಜ್ ಎಂದರೆ ಆರ್ಕೆಸ್ಟ್ರಾದವರ ಡ್ರಮ್ಮುಗಳ ಸೆಟ್ಟು, ಬೇರೇನಲ್ಲ. ಪೇಟಿ ತಬಲಾ ಸಾಕಾಗಿದ್ದ ಕಾಲದಲ್ಲಿ ನಮ್ಮ ಮಾಲಕರು ಸಿನಿಮಾದ ಮೇಲಿನ ಹೊಟ್ಟೆಕಿಚ್ಚಿಗೆ ಅದನ್ನು ಕೊಂಡು ತಂದಿದ್ದರು. ಅದರಲ್ಲಿ ಮೂರು ಕಾಲಿನ ಮೇಲೆ ನಿಲ್ಲುವ ದೊಡ್ಡದೊಂದು ಡ್ರಮ್ಮಿತ್ತು. ಮೇಲೊಂದು ತೊಗಲು, ಕೆಳಗೊಂದು ತೊಗಲು, ಒಳ್ಳೆ ಆಳದ ದನಿ. ಆ ವರ್ಷದ ನಾಟಕ ಕಿತ್ತೂರಿನ ಕೋಟೆಯ ಕಾಳಗದ್ದು. ಅದರಲ್ಲಿ ತೋಪು ಹಾರುವಾಗೆಲ್ಲ ನಾನು ಈ ಡ್ರಮ್ಮಿಗೆ ಹೊಡೆಯಬೇಕು. ಹಾಗಾಗಿ ಅದಕ್ಕೆ ತೋಪಿನ ಡ್ರಮ್ಮು ಎಂದೇ ಹೆಸರಾಯಿತು.

ರಾಮದುರ್ಗದ ನಮ್ಮ ಮನೆಯವರದು ತಲೆತಲಾಂತರದ ಪೌರೋಹಿತ್ಯ. ನಾನು ಕಂಪನಿ ಸೇರಿದಾಗ ಅಪ್ಪ ಬೈಯಲಿಲ್ಲ. ಬೈದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. "ತೊಗಲ ಬಡದು ಬ್ಯಾಸರಾದ ಮ್ಯಾಲೆ ಬಾ. ಗುಡಿ ಗಂಟಿ ಎಲ್ಲೂ ಹೋಗಂಗಿಲ್ಲ" ಎಂದರು, ಅಷ್ಟೇ. ಆ ಒಂದು ಮಾತಿನ ಹಟಕ್ಕೆ ನಾನು ಅಂಗೈ ಬೊಬ್ಬೆ ಬರುವಂತೆ ಬಾರಿಸುವುದನ್ನು ಕಲಿತೆ. ಸೋತು ರಾಮದುರ್ಗದ ಬಸ್ಸು ಹತ್ತುವುದಕ್ಕಿಂತ ಮಲಪ್ರಭೆಗೆ ಹಾರುವುದು ಲೇಸು ಎನ್ನುವಷ್ಟು ಅಹಂಕಾರ ನನಗಿತ್ತು. ಕಂಪನಿಯಲ್ಲಿ ನನ್ನನ್ನು ಎಲ್ಲರೂ ಭಟ್ಟ ಎಂದೇ ಕರೆಯುತ್ತಿದ್ದರು, ಸ್ವಲ್ಪ ಪ್ರೀತಿಯಿಂದ, ಬಹಳಷ್ಟು ಚೇಷ್ಟೆಯಿಂದ.

ಬೈಲಹೊಂಗಲದಲ್ಲಿ ನಮ್ಮ ಮುಕ್ಕಾಮು ಒಂದು ಹತ್ತಿ ಜಿನ್ನಿನ ಖಾಲಿ ಶೆಡ್ಡಿನಲ್ಲಿ. ಹತ್ತಿಯ ಹಂಗಾಮು ಮುಗಿದಿದ್ದರಿಂದ ಸಿಕ್ಕಿತ್ತು. ತಗಡಿನ ಮಾಡು, ಗೋಡೆಯ ಸಂದಿಯಲ್ಲೆಲ್ಲ ಹಳೆಯ ಹತ್ತಿಯ ಅರಳೆ. ಗಾಳಿ ಬಿಟ್ಟರೆ ಅದು ರಾಜನ ಮೀಸೆಗೂ ರಾಣಿಯ ಸೆರಗಿಗೂ ಅಂಟಿಕೊಳ್ಳುತ್ತಿತ್ತು. ಕಂಪನಿಯ ಹತ್ತಿರ ದನಿ ಹಿಗ್ಗಿಸುವ ಸ್ವಂತ ಮಷಿನ್ ಇತ್ತು, ದನಿ ಹೊರಡುವ ಭೋಂಗಾಗಳಿದ್ದವು. ಮೈಕುಗಳು ಮಾತ್ರ ಇರಲಿಲ್ಲ. ಹಿಂದಿನ ಸವದತ್ತಿ ಮುಕ್ಕಾಮಿನಲ್ಲಿ ಗಾಳಿಗೆ ಮಂಟಪ ಕುಸಿದು ಅವೆಲ್ಲ ಜಜ್ಜಿ ಹೋಗಿದ್ದವು. ಮೈಕು, ವಾಯರು ಎರಡನ್ನೂ ಊರಲ್ಲೇ ಬಾಡಿಗೆಗೆ ತರಬೇಕಾಯಿತು. ಅಲ್ಲಿಂದ ಶುರುವಾಯಿತು ನನ್ನ ಗ್ರಹಚಾರ.

ಊರಲ್ಲಿ ಮೈಕಿನವರು ಎಂದರೆ ಅಣ್ಣ ಮಲ್ಲೇಶಪ್ಪ, ತಮ್ಮ ಶಂಕ್ರಪ್ಪ. ಇಬ್ಬರದೂ ಒಂದೇ ಅಪ್ಪ ಕಟ್ಟಿದ ಅಂಗಡಿ. ಹುಟ್ಟುತ್ತಾ ಅಣ್ಣ ತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎಂಬ ಗಾದೆಯನ್ನು ಇವರನ್ನು ನೋಡಿಯೇ ಕಟ್ಟಿರಬೇಕು. ಅಪ್ಪ ಸತ್ತ ಮೇಲೆ ಪಾಲಾದರು. ಅಂಗಡಿಯ ನಡುವೆ ಗೋಡೆ ಎದ್ದಿತು. ಮೈಕುಗಳನ್ನು, ಭೋಂಗಾಗಳನ್ನು, ಕೊನೆಗೆ ವಾಯರನ್ನೂ ಅಳೆದು ಹಂಚಿಕೊಂಡರು. ಅವರ ತಾಯಿ ನೀಲವ್ವನನ್ನೂ ಹಂಚಿಕೊಂಡರು ಅನ್ನಿ. ಒಂದು ತಿಂಗಳು ದೊಡ್ಡವನ ಮನೆಯ ಊಟ, ಒಂದು ತಿಂಗಳು ಸಣ್ಣವನದು. ಆಕೆ ಗಂಡನ ಜೊತೆ ಕೂತು ವಾಯರಿಗೆ ಬೆಸುಗೆ ಹಾಕಿದವಳು. ಮಕ್ಕಳಿಬ್ಬರಿಗೂ ಸೋಲ್ಡರ್ ಕಡ್ಡಿ ಹಿಡಿಯಲು ಕಲಿಸಿದ್ದು ಆಕೆಯೇ ಎಂದು ಊರಲ್ಲಿ ಹೇಳುತ್ತಿದ್ದರು.

ಪಾಲಾದ ಮೇಲೂ ಜಗಳ ತೀರಲಿಲ್ಲ. ಒಂದೇ ಅಪ್ಪನ ಮಾಲು, ಒಂದೇ ಬಣ್ಣದ ವಾಯರು. ಮದುವೆ, ಪುರಾಣ, ಚುನಾವಣೆ ಎಂದು ಇಬ್ಬರ ಸಾಮಾನೂ ಒಂದೇ ಕಡೆ ಸೇರಿದರೆ ಸುತ್ತುವಾಗ ಇದು ನನ್ನದು, ಅದು ನಿನ್ನದು ಎಂದು ಕೈ ಕೈ ಮಿಲಾಯಿಸುವವರೆಗೆ ಹೋಗುತ್ತಿತ್ತು. ಅದಕ್ಕೆ ಶಂಕ್ರಪ್ಪ ಒಂದು ಉಪಾಯ ಮಾಡಿದ. ಮೈಕಿನ ವಾಯರಿನೊಳಗೆ ಕೆಂಪು ಎಳೆ ಒಂದು, ಕರಿ ಎಳೆ ಒಂದು. ಅಪ್ಪ ಕೆಂಪನ್ನು ಹಚ್ಚುತ್ತಿದ್ದ ಜಾಗದಲ್ಲಿ ಇವನು ಕರಿಯದನ್ನು ಹಚ್ಚಿದ, ಕರಿಯದರ ಜಾಗದಲ್ಲಿ ಕೆಂಪನ್ನು. ತನ್ನ ಪಾಲಿನ ಅಷ್ಟೂ ಪ್ಲಗ್ಗುಗಳನ್ನು ಹೀಗೆ ತಿರುವು ಮುರುವು ಮಾಡಿಟ್ಟ. ಜಗಳ ಬಂದರೆ ಪ್ಲಗ್ಗಿನ ಟೊಪ್ಪಿಗೆ ಬಿಚ್ಚಿ ತೋರಿಸುವುದು. ಕುರಿಗೆ ಕಿವಿ ಕತ್ತರಿಸಿ ಗುರುತು ಮಾಡಿದ ಹಾಗೆ. ಹೀಗೆ ಮಾಡಿದರೆ ಮೈಕಿಗೇನೂ ಆಗುವುದಿಲ್ಲ, ಒಂಟಿಯಾಗಿ ಇಟ್ಟರೆ ದನಿಯಲ್ಲಿ ಕೂದಲೆಳೆಯ ವ್ಯತ್ಯಾಸವೂ ತಿಳಿಯುವುದಿಲ್ಲ.

ಬೇಸತ್ತ ಪಂಚರು ಕೊನೆಗೆ ಒಂದು ತೀರ್ಮಾನ ಕೊಟ್ಟಿದ್ದರು. ದೊಡ್ಡ ಕೆಲಸ ಯಾವುದೇ ಬರಲಿ, ಇಬ್ಬರಿಗೂ ಸಮ ಪಾಲು. ಒಬ್ಬನ ಮೈಕು ಕಿತ್ತರೆ ಇನ್ನೊಬ್ಬನದೂ ಏಳಬೇಕು. ನಮ್ಮ ಮಾಲಕರು ಪಂಚರ ಮುಂದೆ ಇದಕ್ಕೆ ಒಪ್ಪಿ ಬಂದರು. ರಂಗದ ಮೇಲಿನ ಮೈಕುಗಳನ್ನು ಸಮನಾಗಿ ಹಂಚಿದ್ದಾಯಿತು. ಉಳಿದದ್ದು ತೋಪಿನ ಡ್ರಮ್ಮು. ಅದು ತನಗೇ ಬೇಕೆಂದು ಇಬ್ಬರೂ ಪಟ್ಟು ಹಿಡಿದರು. ಕೊನೆಗೆ ಅದಕ್ಕೂ ಎರಡು ಮೈಕು ಎಂದಾಯಿತು. ದೊಡ್ಡವನದು ಮೇಲೆ, ಸಣ್ಣವನದು ಕೆಳಗೆ. ಹಿರಿಯನ ಸ್ಥಾನ ಮೇಲೇ ಇರಬೇಕೆಂದು ಮಲ್ಲೇಶಪ್ಪ ಅದನ್ನೂ ಬಾಯಿಬಿಟ್ಟು ಹೇಳಿಸಿಕೊಂಡ. ಒಂದು ಡ್ರಮ್ಮಿಗೆ ಎರಡು ಮೈಕು ಇಡುವ ಶಾಸ್ತ್ರ ನಮಗ್ಯಾರಿಗೂ ಗೊತ್ತಿರಲಿಲ್ಲ. ನಾವು ಇಟ್ಟದ್ದು ದಾಯಾದಿ ಜಗಳದ ದೆಸೆಯಿಂದ.

ಆದರೆ ಮೊದಲ ದಿನವೇ ಆ ಡ್ರಮ್ಮು ಎಂಥ ಗುಡುಗು ಗುಡುಗಿತು! ತಗಡಿನ ಮಾಡು ನಡುಗಿತು. ಈ ಸೀಮೆಯ ಜನ ಕಿತ್ತೂರಿನ ವಿಷಯದಲ್ಲಿ ಚೌಕಾಸಿ ಮಾಡುವುದಿಲ್ಲ. ಸಂಪಗಾಂವದವರು, ನೇಸರಗಿಯವರು ತಮ್ಮ ಮುತ್ತಜ್ಜ ಆ ಕಾಳಗದಲ್ಲಿ ಇದ್ದನೆಂದು ಹೇಳಿಕೊಂಡೇ ಟಿಕೆಟ್ಟು ತೆಗೆಯುವವರು. ತೋಪು ಹಾರಿದಾಗ ಪಟಗ ಸುತ್ತಿದ ಮುದುಕರು ಕೂತಲ್ಲೇ ಎದ್ದು ನಿಂತರು. ಮಾಲಕರು ನನ್ನ ಬೆನ್ನು ತಟ್ಟಿದರು. ಅಪ್ಪನಿಗೆ ಈ ಸುದ್ದಿ ಯಾರಾದರೂ ಮುಟ್ಟಿಸಲಿ ಎಂದು ನಾನು ರಾಮದುರ್ಗದ ಕಡೆಯವರು ಸಿಕ್ಕಾಗಲೆಲ್ಲ ಬೇಕೆಂದೇ ನಾಟಕದ ಮಾತು ತೆಗೆಯುತ್ತಿದ್ದೆ.

ಆಷಾಢ ಮುಗಿಯುವ ಹೊತ್ತಿಗೆ ಮಳೆ ಹಿಡಿಯಿತು. ಬಿಟ್ಟೂ ಬಿಡದೆ ಹೊಡೆದು ಶೆಡ್ಡಿನೊಳಗೆ ನೀರು ನಿಂತಿತು, ಆಟ ನಿಂತಿತು. ಅಣ್ಣ ತಮ್ಮಂದಿರು ತಮ್ಮ ತಮ್ಮ ವಾಯರು ಸುತ್ತಿಕೊಂಡು ಒಣಗಿಸಲು ಮನೆಗೆ ಒಯ್ದರು. ಮಳೆ ಹೊಳವಾದ ಮೇಲೆ ಬರುವ ರವಿವಾರದ ಸಂಜೆ ಮತ್ತೆ ಆಟ ಎಂದು ಮಾಲಕರು ಸುತ್ತಲಿನ ಹಳ್ಳಿಗಳಲ್ಲಿ ಡಂಗುರ ಹೊಡೆಸಿದರು. ಅದಕ್ಕೆ ಮುಂಚೆ ಹಗಲು ಒಂದು ತಾಲೀಮು ಇಟ್ಟರು. ಮೈಕುಗಳು ಮೊದಲಿನ ಜಾಗಕ್ಕೇ ಬಂದವು. ರಾಣಿ ಕತ್ತಿ ಎತ್ತಿದಳು, ನಾನು ಕೋಲು ಎತ್ತಿ ಹೊಡೆದೆ. ಭೋಂಗಾದಲ್ಲಿ ಬಂದದ್ದು ಒಂದು ಟಪ್ಪು. ಕಟ್ಟೆಯ ಮೇಲೆ ರೊಟ್ಟಿ ತಟ್ಟಿದ ಹಾಗೆ.

ಮತ್ತೆ ಹೊಡೆದೆ. ಮತ್ತೆ ಟಪ್ಪು. ಹಿಂದಿನ ಸಾಲಿನಲ್ಲಿ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದ ಮಾಲಕರು ಇಡೀ ಕಂಪನಿ ಕೇಳುವಂತೆ ಅಂದರು: "ನಿನ್ನ ಕೈ ಸತ್ತಾವೋ ಭಟ್ಟಾ. ಹಿಂಗ ಬಾರಿಸಿದ್ರ ಕಿತ್ತೂರ ಕೋಟಿ ಒತ್ತಟ್ಟಿಗಿರ್ಲಿ, ಕೋಳಿಗೂಡ ಸೈತ ಬೀಳಂಗಿಲ್ಲ."

ಎಲ್ಲರೂ ನಕ್ಕರು. ತೊಗಲಿಗೆ ಥಂಡಿ ಹಿಡಿದಿರಬೇಕೆಂದು ನಾನು ಕೆಂಡದ ಮೇಲೆ ಎರಡೂ ಬದಿ ಕಾಯಿಸಿ ಬಿಗಿ ಮಾಡಿದೆ. ನನ್ನ ಕಿವಿಗೆ ಡ್ರಮ್ಮು ಸರಿಯಾಗಿಯೇ ಇತ್ತು. ಭೋಂಗಾದಲ್ಲಿ ಮಾತ್ರ ಅದೇ ಟಪ್ಪು. ಮೈಕಿನಲ್ಲಿ ಏನೋ ಆಗಿದೆ ಎಂದೆ. "ಕುಣಿಲಾರದಾಕಿ ನೆಲಾ ಡೊಂಕ ಅಂದ್ಲಂತ" ಎಂದು ಮಾಲಕರು ಉಗುಳಿದರು. ಆ ಉಗುಳು ನನ್ನ ಮುಖಕ್ಕೇ ಬಿದ್ದಂತಾಯಿತು. ಹುಬ್ಬಳ್ಳಿಯಿಂದ ಜೋರು ಕೈಯವನೊಬ್ಬನನ್ನು ಕರೆಸಲು ಅವರು ಅಲ್ಲೇ ಆಳನ್ನು ಅಟ್ಟಿದರು. ರವಿವಾರ ಬೆಳಗಿನೊಳಗೆ ಡ್ರಮ್ಮು ಗುಡುಗದಿದ್ದರೆ ನನ್ನ ಜಾಗದಲ್ಲಿ ಅವನು ಕೂರುವುದು ಎಂದಾಯಿತು. ನನಗೆ ಕಂಡದ್ದು ರಾಮದುರ್ಗದ ಗುಡಿಯ ಗಂಟೆ.

ಮಾರನೆಯ ದಿನ ಅಣ್ಣ ತಮ್ಮಂದಿರನ್ನು ಶೆಡ್ಡಿಗೆ, ಮಾಲಕರ ಎದುರಿಗೇ ಎಳೆದು ತಂದೆ. ಕೆಳಗಿನ ಮೈಕು ಕಿತ್ತು ಹೊಡೆದೆ. ಗುಡುಗಿತು. ಅದನ್ನು ಹಚ್ಚಿ ಮೇಲಿನದನ್ನು ಕಿತ್ತು ಹೊಡೆದೆ. ಅದೂ ಗುಡುಗಿತು. ಎರಡನ್ನೂ ಹಚ್ಚಿ ಹೊಡೆದರೆ ಟಪ್ಪು. ಒಬ್ಬೊಬ್ಬರೇ ಇದ್ದರೆ ಇಬ್ಬರೂ ಬಂಗಾರ, ಕೂಡಿಸಿದರೆ ಬೂದಿ. ನೋಡಿದಿರಾ, ನಂದು ಸರಿ ಐತಿ ಎಂದು ಮಲ್ಲೇಶಪ್ಪ ಗೋಡೆಗೆ ಹೇಳಿದ. ನಂದೂ ಸರಿ ಐತಿ ಎಂದು ಶಂಕ್ರಪ್ಪ ಇನ್ನೊಂದು ಗೋಡೆಗೆ ಹೇಳಿದ. ಅವರಿಬ್ಬರ ನಡುವೆ ಮಾತಿರಲಿಲ್ಲ.

ಹಾಗಾದರೆ ಒಂದೇ ಮೈಕು ಇಡೋಣ ಎಂದು ಮಾಲಕರಲ್ಲಿ ಅಂಗಲಾಚಿದೆ. ಪಂಚರ ಮುಂದೆ ಕೊಟ್ಟ ಮಾತು, ಒಬ್ಬನದು ತೆಗೆದರೆ ಇಬ್ಬರೂ ಎಲ್ಲ ಮೈಕು ಕಿತ್ತುಕೊಂಡು ಹೋಗುತ್ತಾರೆ, ರಾಜ ರಾಣಿ ಮೂಕಾಭಿನಯ ಮಾಡಬೇಕಾಗುತ್ತದೆ ಎಂದರು ಅವರು. ಕೈ ಸತ್ತಿಲ್ಲ ಎಂಬುದನ್ನು ಅವರು ಕಣ್ಣಾರೆ ಕಂಡಿದ್ದರು, ಕಿವಿಯಾರೆ ಕೇಳಿದ್ದರು. ಆದರೂ ಹುಬ್ಬಳ್ಳಿಯವನನ್ನು ಬೇಡ ಎನ್ನಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮೈಕು ತೆಗೆಯುವುದಕ್ಕಿಂತ ನನ್ನನ್ನು ತೆಗೆಯುವುದು ಅವರಿಗೆ ಸುಲಭವಿತ್ತು.

ಆ ಮಧ್ಯಾಹ್ನ ನಾನು ಡ್ರಮ್ಮಿನ ಮುಂದೆ ಒಬ್ಬನೇ ಕೂತು ಹಲ್ಲು ಕಡಿಯುತ್ತ ಒಂದು ಕೈಯಲ್ಲಿ ಹೊಡೆಯುತ್ತಿದ್ದೆ, ಇನ್ನೊಂದು ಅಂಗೈಯನ್ನು ಕೆಳಗಿನ ತೊಗಲಿಗೆ ಒತ್ತಿದ್ದೆ. ಮೇಲಿನ ತೊಗಲು ಪೆಟ್ಟು ತಿಂದು ಕೆಳಗೆ ಜಗ್ಗಿದಾಗಲೆಲ್ಲ ಕೆಳಗಿನದು ನನ್ನ ಅಂಗೈಯನ್ನು ದೂಡುತ್ತಿತ್ತು. ಆಗ ಹೊಳೆಯಿತು. ಒಂದೇ ಪೆಟ್ಟಿಗೆ ಮೇಲಿನ ತೊಗಲು ಅದರ ಮೈಕಿನಿಂದ ದೂರ ಸರಿಯುತ್ತದೆ, ಕೆಳಗಿನದು ತನ್ನ ಮೈಕಿನ ಮೈಮೇಲೆ ಬರುತ್ತದೆ. ಒಂದೇ ಬಾಗಿಲನ್ನು ಒಳಗಿನಿಂದ ಒಬ್ಬ, ಹೊರಗಿನಿಂದ ಒಬ್ಬ ನೂಕಿದರೆ ಬಾಗಿಲು ಅಲ್ಲಾಡುವುದಿಲ್ಲ. ಒಬ್ಬ ನೂಕಿ ಇನ್ನೊಬ್ಬ ಎಳೆದರೆ ಮಾತ್ರ ತೆರೆಯುತ್ತದೆ. ಇಷ್ಟು ದಿನ ಶಂಕ್ರಪ್ಪನ ಎಳೆಗಳು ತಿರುವು ಮುರುವಾಗಿದ್ದವು, ಅವನ ಮೈಕಿನ ನೂಕು ಮಷಿನ್ನಿಗೆ ಎಳೆತವಾಗಿ ಮುಟ್ಟುತ್ತಿತ್ತು. ಅವನ ಹಟವೇ ನಮ್ಮ ತೋಪಿಗೆ ಮದ್ದು ತುಂಬುತ್ತಿತ್ತು. ಈಗ ಎರಡೂ ವಾಯರು ಒಂದೇ ರೀತಿ ಇರಬೇಕು, ಬೇರೆ ಕಾರಣವಿಲ್ಲ ಎನಿಸಿತು.

ಆಳನ್ನು ಕಳಿಸಿ ಇಬ್ಬರನ್ನೂ ಮತ್ತೆ ಕರೆಸಿದೆ. ಮಾಲಕರೂ ಬಂದು ನಿಂತರು. ನಾನು ತಿಳಿದದ್ದನ್ನು ಹೇಳಿದೆ. ತಾನು ಅಪ್ಪನ ಪದ್ಧತಿಯನ್ನು ಎಂದೂ ಮುರಿದವನಲ್ಲ ಎಂದು ಮಲ್ಲೇಶಪ್ಪ, ತಾನು ಹಾಕಿದ ಗುರುತನ್ನು ಎಂದೂ ಅಳಿಸಿದವನಲ್ಲ ಎಂದು ಶಂಕ್ರಪ್ಪ. ಪ್ಲಗ್ಗು ಬಿಚ್ಚಿರಿ ಎಂದು ನಾನು ಕೂಗಾಡಿದ ಮೇಲೆ ಬಿಚ್ಚಿದರು. ಎರಡರಲ್ಲೂ ಕೆಂಪು ಕೆಂಪಿನ ಜಾಗದಲ್ಲಿ, ಕರಿ ಕರಿಯ ಜಾಗದಲ್ಲಿ. ಅವಳಿ ಜವಳಿಯ ಹಾಗೆ ಇದ್ದವು. ಶಂಕ್ರಪ್ಪನ ಮುಖ ಕೆಂಡವಾಯಿತು. ಇದು ನನ್ನ ವಾಯರಲ್ಲ, ಅವನೇ ಕದ್ದು ಬದಲಿ ಮಾಡಿದ್ದಾನೆ ಎಂದ. ಮಲ್ಲೇಶಪ್ಪ ಮೈಕಿನ ಕಂಬವನ್ನೇ ಎತ್ತಿದ. ನಾನು ನಡುವೆ ಬೀಳಲಿಲ್ಲ. ಹೊಡೆದಾಡಿ ಸಾಯಲಿ ಎಂದೇ ನಿಂತಿದ್ದೆ, ಸುಳ್ಳು ಯಾಕೆ ಹೇಳಲಿ.

ಅಷ್ಟರಲ್ಲಿ ನೀಲವ್ವ ಶೆಡ್ಡಿನ ಬಾಗಿಲಲ್ಲಿ ಕಂಡಳು. ಆ ತಿಂಗಳು ಆಕೆ ಸಣ್ಣವನ ಮನೆಯ ಪಾಳಿಯಲ್ಲಿದ್ದಳು, ಅವನ ಬುತ್ತಿ ತಂದಿದ್ದಳು. ಬುತ್ತಿ ಗಂಟನ್ನು ನೆಲಕ್ಕಿಟ್ಟು, ಎತ್ತಿದ ಕಂಬವನ್ನು ದೊಡ್ಡ ಮಗನ ಕೈಯಿಂದ ತೆಗೆದುಕೊಂಡು ಗೋಡೆಗೆ ಆನಿಸಿದಳು.

"ಯಾರೂ ಕದ್ದಿಲ್ಲ" ಎಂದಳು. "ಮಳಿಗೆ ತೊಯ್ದು ಎಳಿ ಕಿತ್ತಬಂದಿದ್ವು. ನಾ ಕುಂತು ಬೆಸುಗಿ ಹಾಕೇನಿ. ನಿಮ್ಮಪ್ಪ ಹೆಂಗ ಹಾಕತಿದ್ದ, ಹಂಗ. ಒಂದ ನಮೂನಿ ಇದ್ರ ಎಂದರ ಒಂದಿನ ಇವನ ವಾಯರ ಅವಗ, ಅವನ ವಾಯರ ಇವಗ ಬರ್ತಾವ ಅಂತ ತಿಳದಿದ್ದೆ."

ತಗಡಿನ ಮೇಲೆ ಹನಿ ಬೀಳಲು ಶುರುವಾಗಿತ್ತು. ನನಗೆ ಆಗ ಒಂದು ದಾರಿ ತೋಚಿತು. ಕೆಳಗಿನ ಮೈಕನ್ನು ಮೇಲಕ್ಕೆ ತಂದು ಇನ್ನೊಂದರ ಪಕ್ಕದಲ್ಲಿ ಇಟ್ಟರೆ ಎರಡೂ ಒಂದೇ ತೊಗಲನ್ನು ಕೇಳುತ್ತವೆ. ಆಗ ವಾಯರು ಒಂದೇ ರೀತಿ ಇರುವುದೇ ಬೇಕು. ಆಕೆ ಹಾಕಿದ ಬೆಸುಗೆಯನ್ನು ಮುಟ್ಟುವ ಕಾರಣವೇ ಇಲ್ಲ. ನಾನು ಕಂಬ ಸರಿಸಿ ಇಟ್ಟು ಹೊಡೆದೂ ತೋರಿಸಿದೆ. ಎರಡು ಮೈಕೂ ಮೂತಿಗೆ ಮೂತಿ ತಾಗಿಸಿ ನಿಂತಿದ್ದವು, ಡ್ರಮ್ಮು ಎಂದಿಗಿಂತ ಜೋರಾಗಿ ಗುಡುಗಿತು. ನೀಲವ್ವನ ಮುಖ ಒಂದು ಗಳಿಗೆ ಅರಳಿತು. ಅದನ್ನು ನಾನು ಕಂಡೆ.

ಮಲ್ಲೇಶಪ್ಪ ನನ್ನ ಕಡೆ ತಿರುಗಿದ. "ನನ್ನ ಮೈಕಿನ ಬಾಜೂ ಅವಂದು ನಿಂದ್ರಂಗಿಲ್ಲ, ಭಟ್ರ. ಹಿರೇತನ ಅನ್ನೂದೊಂದು ಐತಿ. ಕೆಳಗ ಇಡಸ್ರಿ ಅದನ್ನ. ಮೊದಲಿನಂಗ ಉಲ್ಟಾ ಮಾಡ್ಲಿ."

"ಮಾಡ್ತೇನಿ ಅಂತ ಹೇಳ್ರಿ ಅವರಿಗೆ" ಎಂದ ಶಂಕ್ರಪ್ಪ, ಅವನೂ ನನ್ನ ಕಡೆಗೇ ನೋಡಿ. "ಅವರ ಬಾಜೂ ನಿಂದ್ರೂದು ನನಗೂ ಬ್ಯಾಡಾಗೇತಿ."

ಪಾಲಾದ ಮೇಲೆ ಅಣ್ಣ ತಮ್ಮಂದಿರು ಒಮ್ಮತಕ್ಕೆ ಬಂದದ್ದು ಅದೊಂದೇ ಸಲ ಎಂದು ಊರಿನವರು ಆಮೇಲೆ ಹೇಳಿದರು. ಶಂಕ್ರಪ್ಪ ಅಂಗಡಿಯಿಂದ ಸೋಲ್ಡರ್ ಕಡ್ಡಿ ತರಿಸಿದ. ಅದು ಕಾಯುತ್ತಿದ್ದಂತೆ ನೀಲವ್ವ ಪ್ಲಗ್ಗಿನ ಮೇಲೆ ಅಂಗೈ ಇಟ್ಟಳು. ಮಗ ಆ ಕೈಯನ್ನು ಎತ್ತಿ ಪಕ್ಕಕ್ಕೆ ಇಟ್ಟ. ಒರಟಾಗಿಯೂ ಅಲ್ಲ, ಮೆತ್ತಗೂ ಅಲ್ಲ, ದಾರಿಯಲ್ಲಿದ್ದ ಪಾತ್ರೆಯನ್ನು ಸರಿಸಿದ ಹಾಗೆ. ರಾಳ ಸುಟ್ಟಿತು, ಹೊಗೆ ಎದ್ದಿತು, ತಾಯಿ ಹಾಕಿದ ಬೆಸುಗೆ ಕರಗಿ ಹನಿಯಾಗಿ ನೆಲಕ್ಕೆ ಬಿತ್ತು. ಕೆಂಪಿನ ಜಾಗಕ್ಕೆ ಕರಿ ಹೋಯಿತು. ಅವನು ಹಾಗೆ ಮಾಡುವುದನ್ನು ನೋಡಿ ನನ್ನ ಮೈ ಉರಿಯಿತು. ಅವನ ಕಪಾಳಕ್ಕೆ ಬಿಗಿಯಬೇಕೆಂದು ಕೈ ತುರಿಸಿತು. ಬಿಗಿಯಲಿಲ್ಲ. ನನ್ನ ಅನ್ನ ಆ ವಾಯರಿನಲ್ಲೇ ಇತ್ತು.

ಮೈಕನ್ನು ಕೆಳಗಿಟ್ಟು ಹೊಡೆಯಲು ಮಾಲಕರು ಸನ್ನೆ ಮಾಡಿದರು. ಹೊಡೆದೆ. ಶೆಡ್ಡು ನಡುಗಿತು. ಭೇಷ್ ಎಂದು ಮಾಲಕರು ಅಣ್ಣ ತಮ್ಮಂದಿರ ಬೆನ್ನು ತಟ್ಟಿದರು, ಇಬ್ಬರಿಗೂ ತಮ್ಮ ಚಂಚಿಯಿಂದ ಎಲೆ ಕೊಟ್ಟರು. ನನ್ನ ಕಡೆ ನೋಡಲಿಲ್ಲ. ಇಡೀ ಕಂಪನಿಯೆದುರು ಅಂದ ಮಾತನ್ನು ಅವರು ಆಗಲೂ ಹಿಂದೆ ತೆಗೆದುಕೊಳ್ಳಲಿಲ್ಲ, ಸಾಯುವವರೆಗೂ ತೆಗೆದುಕೊಳ್ಳಲಿಲ್ಲ. ನೀಲವ್ವ ಬುತ್ತಿ ಗಂಟನ್ನು ಬಿಚ್ಚದೆ ಹಾಗೇ ಕಂಕುಳಿಗೆ ಏರಿಸಿಕೊಂಡಳು. ಬಾಗಿಲವರೆಗೆ ಹೋದವಳು ತಿರುಗಿ ಬಂದು ಮಾಲಕರ ಮುಂದೆ ನಿಂತಳು.

"ಈ ತಮ್ಮನ ಕೈ ಛಲೋ ಅದಾವ್ರಿ ಮಾಲಕ್ರ" ಎಂದಳು, ನನ್ನ ಕಡೆ ಕೈ ಮಾಡಿ. "ಕೆಟ್ಟದ್ದು ನನ್ನ ಕೈ."

ಮಾಲಕರು ಚಂಚಿಯಿಂದ ಇನ್ನೊಂದು ಎಲೆ ತೆಗೆದು ಸುಣ್ಣ ಸವರಿದರು.

ರವಿವಾರ ಸಂಜೆ ಶೆಡ್ಡು ತುಂಬಿ ಜನ ಹೊರಗೂ ನಿಂತರು. ತೋಪು ಹಾರಿದಾಗಲೆಲ್ಲ ಕೇಕೆ, ಸಿಳ್ಳೆ. ಹುಬ್ಬಳ್ಳಿಯವನು ಬಂದಿದ್ದ, ಮುಂದಿನ ಸಾಲಿನಲ್ಲಿ ಕೂತು ನೋಡಿ ಮರುದಿನ ಬಸ್ಸು ಹತ್ತಿದ. ನನ್ನ ಜಾಗ ಉಳಿಯಿತು, ಅಪ್ಪನ ಗಂಟೆ ಅಪ್ಪನಿಗೇ ಉಳಿಯಿತು. ಸಂತೋಷ ಮಾತ್ರ ಆಗಲಿಲ್ಲ. ಅಣ್ಣ ಒಂದು ಕಂಬಕ್ಕೆ, ತಮ್ಮ ಇನ್ನೊಂದು ಕಂಬಕ್ಕೆ ಒರಗಿ ಅದೇ ಡ್ರಮ್ಮಿನ ಸದ್ದಿಗೆ ಮೀಸೆಯಲ್ಲೇ ನಗುತ್ತಿದ್ದರು. ಆ ಮುಕ್ಕಾಮು ಮುಗಿಯುವವರೆಗೆ ನಾನು ಆ ಡ್ರಮ್ಮಿಗೆ ಹೊಡೆದ ಪೆಟ್ಟುಗಳಲ್ಲಿ ಒಂದೂ ಬ್ರಿಟಿಷರ ಮೇಲಿನದಲ್ಲ. ಎಲ್ಲವೂ ಆ ಇಬ್ಬರ ಬೆನ್ನಿಗೆ ಎಂದುಕೊಂಡೇ ಹೊಡೆದೆ. ಅದಕ್ಕೇ ಇರಬೇಕು, ಅಷ್ಟು ಚೆನ್ನಾಗಿ ಬಂತು. ನೀಲವ್ವ ಮತ್ತೆ ಶೆಡ್ಡಿನ ಕಡೆ ಬರಲಿಲ್ಲ. ಬುತ್ತಿ ಬೇರೆಯವರ ಕೈಯಲ್ಲಿ ಬರತೊಡಗಿತು. ದಸರೆಗೆ ಮುಂಚೆ ನಾವು ಗಂಟುಮೂಟೆ ಕಟ್ಟಿ ಕಿತ್ತೂರಿಗೆ ಹೋದೆವು.

ಅಂಗಡಿಯವನ ಕೈಯಲ್ಲಿ ಮೊಬೈಲಿಗೆ ಜೀವ ಬಂದು ತೆರೆ ಮಿನುಗಿತು. ಬೆಸುಗೆ ಅಚ್ಚುಕಟ್ಟಾಗಿತ್ತು, ಸಾಸಿವೆ ಕಾಳಿನಷ್ಟು, ಹೊಳಪಾಗಿ. ಯಾರು ಕಲಿಸಿದರು ಎಂದು ಕೇಳಿದೆ. ತನ್ನಪ್ಪ ಕಲಿಸಿದ್ದು, ಅಪ್ಪನಿಗೆ ಅಜ್ಜಿ ಕಲಿಸಿದ್ದಳಂತೆ ಎಂದ. ಅಪ್ಪನ ಹೆಸರು ಕೇಳಿದೆ, ಶಂಕ್ರಪ್ಪ ಎಂದ. ಗೋಡೆಯ ಆಚೆ ಬದಿಯಿಂದಲೂ ಅದೇ ರಾಳದ ವಾಸನೆ ಬರುತ್ತಿತ್ತು. ಆ ಕಡೆ ಯಾರಿದ್ದಾರೆ ಎಂದೆ. ದೊಡ್ಡಪ್ಪನ ಮಗ, ಅವನೂ ರಿಪೇರಿಯವನೇ ಎಂದ. ಹಾಗಿದ್ದರೆ ಇಬ್ಬರೂ ಒಂದೇ ರೀತಿ ಬೆಸುಗೆ ಹಾಕುತ್ತೀರಿ ಅನ್ನು ಎಂದೆ.

"ಯಾರಿಗೊತ್ತ್ರಿ. ನಮಗೂ ಅವರಿಗೂ ಮಾತಿಲ್ರಿ."

ಯಾಕೆ ಎಂದು ಕೇಳಿದೆ. ಅವನು ಕಾದ ಕಡ್ಡಿಯನ್ನು ಅದರ ಗೂಡಿಗೆ ಇಟ್ಟ.

"ಅದನ್ನ ನಮಗ ಯಾರೂ ಹೇಳಿಲ್ರಿ" ಎಂದ.